ತೂಕ ಹೆಚ್ಚಿರುವವರ ಎದೆಯ ಸಿಟಿ ಸ್ಕ್ಯಾನ್: ನಾನು ಮಾಡುವ ಕ್ರಮ

ತೂಕದ ಜೊತೆ ಸುತ್ತಳತೆಯನ್ನೂ ಕೇಳಿಕೊಳ್ಳುತ್ತೇನೆ. 200 ಕೆ.ಜಿ. ಹೊರುವ ಟೇಬಲ್ ಇದ್ದರೂ ಗ್ಯಾಂಟ್ರಿಯ (ರೋಗಿ ಒಳಹೋಗುವ ಯಂತ್ರದ ಬಳೆ) ಬಾಯಿ ಸಾಮಾನ್ಯವಾಗಿ 70 ಸೆಂ.ಮೀ. ಅಷ್ಟೆ, ಅದರಲ್ಲಿ ಟೇಬಲಿಗೂ ಪಾಲು. ಪೂರ್ತಿ ಅಳತೆ ಸಿಗುವ ವಲಯ 50 ಸೆಂ.ಮೀ.; ಅದರಾಚೆಗೆ ಚಾಚಿದ ದೇಹ ಅಂಚಿನಲ್ಲಿ ಬಿಳಿಪಟ್ಟಿಯಾಗುತ್ತದೆ.

ಹೆಚ್ಚು ತಪ್ಪು ಆಗುವುದು ಟೇಬಲಿನ ಎತ್ತರದಲ್ಲಿ. ಹೊಟ್ಟೆ ತಾಗೀತೆಂದು ಕೆಳಗಿಳಿಸಿಬಿಡುತ್ತಾರೆ. ಸ್ಕೌಟ್ (ಸ್ಕ್ಯಾನಿಗೆ ಮೊದಲಿನ ಅಂದಾಜು ಚಿತ್ರ) ತೆಗೆಯುವಾಗ ಎಕ್ಸ್‌ರೇ ಟ್ಯೂಬ್ ಕೆಳಗಿದ್ದರೆ ದೇಹ ಅದಕ್ಕೆ ಹತ್ತಿರವಾಗಿ ಇನ್ನೂ ದೊಡ್ಡದಾಗಿ ಕಂಡು, ಯಂತ್ರ ಬೇಡದಷ್ಟು ಎಂಎ (ಕಿರಣದ ಪ್ರಮಾಣ ನಿರ್ಧರಿಸುವ ಟ್ಯೂಬಿನ ವಿದ್ಯುತ್) ಸುರಿಯುತ್ತದೆ. ಟ್ಯೂಬ್ ಮೇಲಿದ್ದರೆ ಚಿಕ್ಕದಾಗಿ ಕಂಡು ಎಂಎ ಸಾಲದೆ ಚಿತ್ರ ಕಾಳುಕಾಳಾಗುತ್ತದೆ. ಹಾಗಾಗಿ ಲೇಸರ್ ಗೆರೆಯನ್ನು ಎದೆಯ ಪಕ್ಕದ ನಡುಮಟ್ಟಕ್ಕೇ ತರುತ್ತೇನೆ. ಕೈಗಳು ತಲೆಯ ಮೇಲೆ. ಕೆಳಗೇ ಉಳಿದರೆ ಅಡ್ಡಗೆರೆಗಳು ಖಚಿತ.

120 ಕೆವಿಯಲ್ಲಿ (ಕಿರಣದ ತೂರುವ ಶಕ್ತಿ ನಿರ್ಧರಿಸುವ ವೋಲ್ಟೇಜ್) ಎಂಎ ಗರಿಷ್ಠ ಮಿತಿಗೆ ತಾಗಿ ನಿಂತಿದ್ದರೆ ಭುಜದ ಮಟ್ಟದಲ್ಲಿ ಕಿರಣ ಸಾಲುತ್ತಿಲ್ಲ ಎಂದರ್ಥ. ಆಗ 140 ಕೆವಿ. ಅದೂ ಸಾಲದಿದ್ದರೆ ಟ್ಯೂಬಿನ ಸುತ್ತನ್ನು ನಿಧಾನಿಸುತ್ತೇನೆ, ಆದರೆ ಅದಕ್ಕೆ ಬೆಲೆ ಉಸಿರು: ರೋಗಿ ಅದನ್ನು ಹೆಚ್ಚು ಹೊತ್ತು ಹಿಡಿಯಬೇಕು. 40 ಮಿ.ಮೀ. ಕಾಲಿಮೇಶನ್ (ಕಿರಣದ ಅಗಲ), ಪಿಚ್ (ಒಂದು ಸುತ್ತಿಗೆ ಟೇಬಲ್ ಸರಿಯುವ ದೂರ ಆ ಅಗಲದ ಎಷ್ಟು ಪಟ್ಟು ಎಂಬುದು) 1, 0.5 ಸೆಕೆಂಡಿನ ಸುತ್ತು ಎಂದರೆ 30 ಸೆಂ.ಮೀ. ಎದೆಗೆ ಸುಮಾರು 4 ಸೆಕೆಂಡು; ಪಿಚ್ 0.8, ಸುತ್ತು 0.75 ಮಾಡಿದರೆ 7. ಅಂಗಾತ ಮಲಗಿದರೇ ಏದುಸಿರು ಬರುವವರಿಗೆ 7 ಸೆಕೆಂಡು ದೊಡ್ಡದು. ಶ್ವಾಸಕೋಶದಲ್ಲಿ ಗಾಳಿ ಮತ್ತು ರಕ್ತನಾಳಗಳ ನಡುವಿನ ಕಪ್ಪು-ಬಿಳಿ ವ್ಯತ್ಯಾಸವೇ ದೊಡ್ಡದು, ಸ್ವಲ್ಪ ಕಾಳನ್ನು ಅದು ತಾಳಿಕೊಳ್ಳುತ್ತದೆ, ಅಲುಗಾಟವನ್ನು ತಾಳದು. ಎರಡರಲ್ಲಿ ಒಂದನ್ನು ಆರಿಸಬೇಕಾದರೆ ನಾನು ವೇಗದ ಕಡೆ. ಮೀಡಿಯಾಸ್ಟೈನಮ್ (ಎರಡು ಶ್ವಾಸಕೋಶಗಳ ನಡುವಿನ ಭಾಗ) ನೋಡಲು ಚಿತ್ರದ ಸ್ಲೈಸನ್ನು 3 ಮಿ.ಮೀ. ದಪ್ಪ ಇಟ್ಟರೆ ಕಾಳು ತಗ್ಗುತ್ತದೆ. ಶ್ವಾಸಕೋಶಕ್ಕೆ ಮಾತ್ರ 1 ಮಿ.ಮೀ. ಸ್ಲೈಸನ್ನೇ ಉಳಿಸಿಕೊಳ್ಳುತ್ತೇನೆ.

ಸ್ಕ್ಯಾನಿಗೆ ಮುಂಚೆ ಎರಡು ಸಲ ಉಸಿರು ಎಳೆದು ಹಿಡಿಯುವ ಅಭ್ಯಾಸ ಮಾಡಿಸುವುದನ್ನು ತಪ್ಪಿಸಬೇಡಿ. ಹೊಟ್ಟೆಯ ಭಾರಕ್ಕೆ ವಪೆ (ಡಯಾಫ್ರಮ್) ಮೇಲೇರಿ, ಶ್ವಾಸಕೋಶದ ಬೆನ್ನಿನ ಬದಿಯ ಕೆಳಭಾಗ ಕುಗ್ಗಿ ಗ್ರೌಂಡ್ ಗ್ಲಾಸಿನಂತೆ (ಉಜ್ಜಿದ ಗಾಜು) ಮಸುಕಾಗುತ್ತದೆ. ಫೈಬ್ರೋಸಿಸ್‌ನ (ಶ್ವಾಸಕೋಶ ಗಾಯಗಟ್ಟಿ ಗಡಸಾಗುವ ರೋಗ) ಆರಂಭವೆಂದು ವರದಿಯಾಗುವ ಅಪಾಯ ಇಲ್ಲೇ. ಮೊದಲು ಶ್ವಾಸನಾಳದ ಹಿಂಗೋಡೆ ನೋಡಿ: ಒಳಕ್ಕೆ ಬಾಗಿದ್ದರೆ ಅದು ಉಸಿರು ಬಿಟ್ಟ ಚಿತ್ರ. ಸರಿಯಾಗಿ ಉಸಿರೆಳೆದಿದ್ದರೂ ಮಸುಕು ಉಳಿದಿದ್ದರೆ ಬೋರಲು ಮಲಗಿಸಿ ಕೆಳಭಾಗವನ್ನಷ್ಟೇ ಮತ್ತೆ ತೆಗೆಯುತ್ತೇನೆ. ಕುಗ್ಗುವಿಕೆಯಾದರೆ ಕರಗುತ್ತದೆ, ರೋಗವಾದರೆ ಅಲ್ಲೇ ಇರುತ್ತದೆ. ಬೋರಲು ಮಲಗಲಾಗದವರನ್ನು ಅನುಮಾನವಿರುವ ಬದಿ ಮೇಲಾಗುವಂತೆ ಮಗ್ಗುಲಾಗಿಸಿದರೂ ಆಗುತ್ತದೆ.