ಹಳೆ ಟೀ ಶರ್ಟಿನಿಂದ ಮಗುವಿನ ಅಂಗಿ: ಹೊಲಿಗೆ ಸರಿಹೋದದ್ದು ಹೀಗೆ

ಹೊಲಿಗೆಗೆ ನಾನು ಹೊಸಬಳು. ದೊಡ್ಡವರ ಹಳೆ ಟೀ ಶರ್ಟು ಕತ್ತರಿಸಿ ಮಗಳಿಗೆ ಅಂಗಿ ಹೊಲಿಯಲು ಕೂತಾಗ ನಡುನಡುವೆ ಹೊಲಿಗೆ ಬಿಟ್ಟುಹೋಗುತ್ತಿತ್ತು, ಕತ್ತಿನ ಪಟ್ಟಿ ಅಲೆಅಲೆಯಾಗಿ ಎದ್ದು ನಿಲ್ಲುತ್ತಿತ್ತು.

ಮೊದಲನೆಯದಕ್ಕೆ ಕಾರಣ ಸೂಜಿ. ಟೀ ಶರ್ಟಿನ ಬಟ್ಟೆ ನೇಯ್ದದ್ದಲ್ಲ, ಹೆಣೆದದ್ದು. ತುದಿ ಗುಂಡಗಿರುವ ಬಾಲ್‌ಪಾಯಿಂಟ್ ಸೂಜಿ ಎಳೆಗಳನ್ನು ಚುಚ್ಚದೆ ಪಕ್ಕಕ್ಕೆ ಸರಿಸಿಕೊಂಡು ಇಳಿಯುತ್ತದೆ. 75/11 ಅಳತೆಯದು ಹಾಕಿದ್ದೇ ತಡ, ಹೊಲಿಗೆ ಬಿಡುವುದು ನಿಂತಿತು. ನೇರ ಹೊಲಿಗೆಯ ಬದಲು ಕಿರಿದಾದ ಜಿಗ್‌ಜಾಗ್ ಇಟ್ಟುಕೊಂಡೆ. ಬಟ್ಟೆ ಎಳೆದಾಗ ದಾರ ತುಂಡಾಗುವುದಿಲ್ಲ.

ಕತ್ತಿನದೇ ಹೆಚ್ಚು ಕಾಡಿದ್ದು. ಪಟ್ಟಿ ಕತ್ತಿನ ಸುತ್ತಳತೆಗಿಂತ ಚಿಕ್ಕದಿರಬೇಕು. ಸುತ್ತಳತೆ 40 ಸೆಂ.ಮೀ. ಇದ್ದರೆ ಪಟ್ಟಿ ಸುಮಾರು 34, ಜೊತೆಗೆ ಜೋಡಣೆಗೆ ಬೇಕಾದಷ್ಟು. ಬಟ್ಟೆ ಹೆಚ್ಚು ಹಿಗ್ಗುವ ದಿಕ್ಕಿಗೇ ಅದನ್ನು ಉದ್ದವಾಗಿ ಕತ್ತರಿಸಿ, ಪಟ್ಟಿ ಮತ್ತು ಕತ್ತು ಎರಡನ್ನೂ ನಾಲ್ಕು ಸಮಭಾಗ ಮಾಡಿ ಗುಂಡುಪಿನ್ನು ಚುಚ್ಚಿ, ಪಟ್ಟಿಯನ್ನಷ್ಟೇ ಎಳೆಯುತ್ತಾ ಹೊಲಿದೆ. ಅಂಗಿಯ ಬಟ್ಟೆಯನ್ನು ಎಳೆಯಲೇ ಇಲ್ಲ. ಕೊನೆಗೆ ಹಬೆಯ ಇಸ್ತ್ರಿ ಒತ್ತಿದಾಗ ಉಳಿದ ಅಲೆಯೂ ಕೂತುಕೊಂಡಿತು.

ಕೆಳಅಂಚು ಮಡಚುವ ಕೆಲಸವೇ ಇಲ್ಲ: ಹಳೆ ಶರ್ಟಿನ ಅಂಚನ್ನೇ ಉಳಿಸಿಕೊಂಡು ಕತ್ತರಿಸಿದರಾಯಿತು. ನನಗಂತೂ ಇದು ತುಂಬಾ ಇಷ್ಟವಾಯಿತು.

ಪಟ್ಟಿ ಕತ್ತರಿಸುವ ಮುನ್ನ ಮಗುವಿನ ತಲೆಯ ಸುತ್ತಳತೆ ನೋಡಿಕೊಳ್ಳಿ. ಮಕ್ಕಳ ತಲೆ ಮೈಗೆ ಹೋಲಿಸಿದರೆ ದೊಡ್ಡದು. ಎಳೆದರೂ ಪಟ್ಟಿ ಅಷ್ಟು ಹಿಗ್ಗದಿದ್ದರೆ ಒಂದು ಭುಜ ತೆರೆದಿಟ್ಟು ಟಿಚ್ ಬಟನ್ ಹಾಕಿ.