ಎಂಟರಲ್ಲಿ ಆಲ್ಜಿಬ್ರಾ, ಹನ್ನೊಂದರಲ್ಲಿ ಕ್ಯಾಲ್ಕುಲಸ್: ಗಣಿತದ ದಾರಿ ಆರಿಸಿದ ನಮ್ಮ ಲೆಕ್ಕಾಚಾರ

ಕ್ಯಾಲಿಫೋರ್ನಿಯಾದ ಬಹಳಷ್ಟು ಹೈಸ್ಕೂಲುಗಳಲ್ಲಿ ಗಣಿತ ಅಂದರೆ ಐದು ಮೆಟ್ಟಿಲು: ಆಲ್ಜಿಬ್ರಾ 1, ಜಿಯೋಮೆಟ್ರಿ, ಆಲ್ಜಿಬ್ರಾ 2, ಪ್ರಿಕ್ಯಾಲ್ಕುಲಸ್, ಕ್ಯಾಲ್ಕುಲಸ್. ವರ್ಷಕ್ಕೆ ಒಂದೊಂದು. ಒಂಬತ್ತನೇ ತರಗತಿಯಲ್ಲಿ ಮೊದಲ ಮೆಟ್ಟಿಲು ಹತ್ತಿದವರು ಹನ್ನೆರಡರಲ್ಲಿ ಪ್ರಿಕ್ಯಾಲ್ಕುಲಸ್‌ಗೆ ನಿಲ್ಲುತ್ತಾರೆ. ಎಂಟರಲ್ಲಿ ಹತ್ತಿದವರಿಗೆ ಹನ್ನೆರಡರಲ್ಲಿ ಕ್ಯಾಲ್ಕುಲಸ್ ಸಿಗುತ್ತದೆ. ಏಳರಲ್ಲೇ ಹತ್ತಿದವರು ಹನ್ನೊಂದರಲ್ಲಿ ಕ್ಯಾಲ್ಕುಲಸ್ ಮುಗಿಸಿ, ಕೊನೆಯ ವರ್ಷ ಏನು ಓದುವುದು ಎಂದು ಹುಡುಕುತ್ತಾರೆ. ಕೆಲವು ಶಾಲಾ ಜಿಲ್ಲೆಗಳಲ್ಲಿ (ಸ್ಕೂಲ್ ಡಿಸ್ಟ್ರಿಕ್ಟ್) ಇದನ್ನೇ ಕಲಸಿ ಮ್ಯಾಥ್ 1, 2, 3 ಅಂತ ಕೊಡುತ್ತಾರೆ. ಅಲ್ಲಿ ಮುಂದೆ ಹೇಳುವ ಒಂದೆರಡು ಉಪಾಯ ನಡೆಯುವುದಿಲ್ಲ.

ಕರ್ನಾಟಕದಲ್ಲಿ ಓದಿ ಬಂದ ಅಪ್ಪ ಅಮ್ಮಂದಿರಿಗೆ ಈ ಮೆಟ್ಟಿಲು ತಲೆಗೆ ಹತ್ತುವುದು ಸ್ವಲ್ಪ ನಿಧಾನ. ಎಸ್ಸೆಸ್ಸೆಲ್ಸಿಯಲ್ಲಿ ವರ್ಗಸಮೀಕರಣ, ಸಮರೂಪ ತ್ರಿಭುಜ, ತ್ರಿಕೋನಮಿತಿ ಎಲ್ಲ ಒಂದೇ ವರ್ಷ ಬರುತ್ತಿತ್ತು. ಇಲ್ಲಿ ಜಿಯೋಮೆಟ್ರಿಗೇ ಇಡೀ ವರ್ಷ. ಅದನ್ನು ನೋಡಿ ‘ಇಲ್ಲಿಯವರು ಹಿಂದೆ’ ಅನ್ನುವ ಮಾತು ಯುಗಾದಿ ಊಟಕ್ಕೆ ಕೂತಾಗೆಲ್ಲ ಬರುತ್ತದೆ. ನಮ್ಮಲ್ಲಿ ಲಿಮಿಟ್ ಮತ್ತು ಡಿರೈವೇಟಿವ್‌ನ ಪರಿಚಯ ಮೊದಲ ಪಿಯುಸಿಯಲ್ಲಿ, ಡಿಫರೆನ್ಸಿಯೇಷನ್ ಮತ್ತು ಇಂಟಿಗ್ರೇಷನ್ ಸರಿಯಾಗಿ ಕಲಿತದ್ದು ಎರಡನೇ ಪಿಯುಸಿಯಲ್ಲಿ. ಅದೂ ಹನ್ನೆರಡನೇ ತರಗತಿಯೇ ತಾನೆ. ಅಂದರೆ ಎಂಟರಲ್ಲಿ ಆಲ್ಜಿಬ್ರಾ 1 ಮಾಡಿದ ಮಗು ಪಿಯುಸಿ ಸೈನ್ಸ್ ಓದುವ ಮಗುವಿಗೆ ಸರಿಸಮ. ಅದಕ್ಕಿಂತ ಬೇಗ ಹೋಗಬೇಕಾದರೆ ಬೇರೆ ಕಾರಣ ಬೇಕು.

ನಮಗಿದ್ದ ಕಾರಣ ಭೌತಶಾಸ್ತ್ರ. ಹನ್ನೆರಡರಲ್ಲಿ ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸ್) ಫಿಸಿಕ್ಸ್ ಸಿ ಓದಲು ಕ್ಯಾಲ್ಕುಲಸ್ ಆಗಲೇ ಕೈಗೆ ಬಂದಿದ್ದರೆ ಸಲೀಸು. ಕಾಲೇಜು ಅರ್ಜಿಗೆ ಚಂದ ಕಾಣುತ್ತದೆ ಎಂಬ ಕಾರಣವನ್ನು ಬೇಕೆಂತಲೇ ಪಟ್ಟಿಯಿಂದ ತೆಗೆದೆವು. ಆ ಕಾರಣಕ್ಕೆ ಓಡಿದವರು ಪ್ರಿಕ್ಯಾಲ್ಕುಲಸ್‌ನಲ್ಲಿ ಸಿ ಗ್ರೇಡ್ ತೆಗೆದುಕೊಂಡು ನಿಂತದ್ದನ್ನು ಪಾಠ ಹೇಳುವಾಗ ಬೇಕಾದಷ್ಟು ನೋಡಿದ್ದೇನೆ.

ವೇಗ ನಿರ್ಧರಿಸಬೇಕಾದದ್ದು ಆಲ್ಜಿಬ್ರಾ 1. ಗ್ರೇಡ್ ಎ ಇದ್ದರೆ ಸಾಲದು, ಹೋಮ್‌ವರ್ಕ್ ಪಾಯಿಂಟ್‌ಗಳಿಂದಲೂ ಎ ಬರುತ್ತದೆ. ನಾನು ಮಾಡುವುದು ಹೀಗೆ: ಕ್ಯಾಲ್ಕುಲೇಟರ್ ಇಲ್ಲದೆ, 20 ಲೆಕ್ಕ, 40 ನಿಮಿಷ. ಎರಡು ವಾರ ಬಿಟ್ಟು ಸಂಖ್ಯೆ ಬದಲಿಸಿ ಮತ್ತೆ ಅದೇ. ಎಷ್ಟು ಸರಿ ಅನ್ನುವುದಕ್ಕಿಂತ ತಪ್ಪು ಯಾವ ಜಾತಿಯದು ಅನ್ನುವುದು ಮುಖ್ಯ. ಉದಾಹರಣೆಗೆ (ಎಕ್ಸ್ ಬದಲು ಕ ಅಂತಿಟ್ಟುಕೊಳ್ಳಿ):

ಕ/3 − (ಕ − 1)/4 = 2

ಎರಡೂ ಕಡೆ 12ರಿಂದ ಗುಣಿಸಿದರೆ 4ಕ − 3(ಕ − 1) = 24. ಉತ್ತರ 21. ಹಾಳೆಯಲ್ಲಿ 27 ಕಂಡರೆ ಬೇರೇನೂ ನೋಡಬೇಕಿಲ್ಲ: ಮೈನಸ್ 3 ಆವರಣದ ಒಳಗಿನ ಮೈನಸ್ 1ನ್ನು ಮುಟ್ಟಿದಾಗ ಪ್ಲಸ್ ಆಗಲಿಲ್ಲ. ಒಂದು ಸಲ ಆದರೆ ಅವಸರ, ಎರಡೂ ಹಾಳೆಯಲ್ಲಿ ಆದರೆ ಅಭ್ಯಾಸ. ಇನ್ನೊಂದು: ಕ² + 9ರ ವರ್ಗಮೂಲ ಕ + 3 ಎಂದು ಬರೆಯುವುದು. ಕ ಜಾಗದಲ್ಲಿ 4 ಹಾಕಿಸಿ, ಒಂದು ಕಡೆ 5, ಇನ್ನೊಂದು ಕಡೆ 7 ಬರುವುದನ್ನು ಮಗುವೇ ನೋಡಲಿ. ಬೈಯುವ ಕೆಲಸ ತಪ್ಪುತ್ತದೆ. ಕೊನೆಯ ಲೆಕ್ಕ ಯಾವಾಗಲೂ ಇದು: 1/(ಕ + ಹ)ದಿಂದ 1/ಕ ಕಳೆದು, ಬಂದದ್ದನ್ನು ಹದಿಂದ ಭಾಗಿಸು. ಉತ್ತರ −1/(ಕ(ಕ + ಹ)). ಇನ್ನು ಹ ಸೊನ್ನೆಯಾದರೆ ಅದೇ ಡಿರೈವೇಟಿವ್. ಕ್ಯಾಲ್ಕುಲಸ್ ಇರುವುದು ಆ ಕೊನೆಯ ಸಾಲಿನಲ್ಲಿ ಮಾತ್ರ, ಅದರ ಮೇಲಿನ ನಾಲ್ಕು ಸಾಲೂ ಆಲ್ಜಿಬ್ರಾ. ಕ್ಯಾಲ್ಕುಲಸ್‌ನಲ್ಲಿ ಬೀಳುವ ಮಕ್ಕಳು ಬೀಳುವುದು ಆ ನಾಲ್ಕು ಸಾಲಿನಲ್ಲಿ.

ಎರಡನೇ ಸಲ 20ಕ್ಕೆ 16 ದಾಟಿ, ಒಂದೇ ಜಾತಿಯ ತಪ್ಪು ಮರುಕಳಿಸದಿದ್ದರೆ ಒಂದು ವರ್ಷ ಹಾರಿಸುವ ಮಾತು ಆಡಬಹುದು. ಇಲ್ಲದಿದ್ದರೆ ಆ ವರ್ಷ ಅಲ್ಲೇ ಇರುವುದು ಲೇಸು. ಬೇಸರವಾದರೆ ಎಎಂಸಿ 10 ಎಂಬ ಗಣಿತ ಸ್ಪರ್ಧೆಯ ಹಳೆ ಪ್ರಶ್ನೆಪತ್ರಿಕೆ ಕೊಡಿ, 25 ಪ್ರಶ್ನೆ, 75 ನಿಮಿಷ. ಅದಕ್ಕೆ ತ್ರಿಕೋನಮಿತಿ, ಲಾಗರಿದಮ್ ಬೇಕಿಲ್ಲ, ಆದರೂ ತಲೆ ಬಿಸಿಯಾಗುತ್ತದೆ.

ಹಾರಿಸುವುದು ಎಲ್ಲಿ? ಆಲ್ಜಿಬ್ರಾ 1 ಮತ್ತು ಪ್ರಿಕ್ಯಾಲ್ಕುಲಸ್ ಎರಡನ್ನು ಮುಟ್ಟಬಾರದು ಅನ್ನುವುದು ನನ್ನ ಮತ. ಉಳಿಯುವುದು ಜಿಯೋಮೆಟ್ರಿ. ಅದನ್ನು ಬಿಟ್ಟೇ ಮುಂದೆ ಹೋಗುವುದು ಸಾಧ್ಯವಿಲ್ಲ. ಮೇಲಿನ ಕೋರ್ಸಿನಲ್ಲಿ ಸಿ ಬಂದರೆ ಕೆಳಗಿನ ಆಲ್ಜಿಬ್ರಾದ ಕೊರತೆ ತುಂಬಿತು ಎಂದು ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ (ಯುಸಿ) ಒಪ್ಪುತ್ತದೆ, ಆದರೆ ಜಿಯೋಮೆಟ್ರಿ ಓದದೇ ಬಿಟ್ಟದ್ದನ್ನು ಹಾಗೆ ತುಂಬಿಸಿಕೊಳ್ಳುವುದಿಲ್ಲ. ಹಾಗಾಗಿ ಎರಡೇ ದಾರಿ: ಬೇಸಿಗೆಯಲ್ಲಿ ಮುಗಿಸುವುದು, ಇಲ್ಲವೇ ಒಂಬತ್ತರಲ್ಲಿ ಜಿಯೋಮೆಟ್ರಿ ಮತ್ತು ಆಲ್ಜಿಬ್ರಾ 2 ಜೊತೆಜೊತೆಯಾಗಿ ತೆಗೆದುಕೊಳ್ಳುವುದು.

ಬೇಸಿಗೆ ಕೋರ್ಸ್ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿ ಜನಪ್ರಿಯ. ಗಂಟೆ ಲೆಕ್ಕ ಹಾಕಿದರೆ ಮೋಸವಿಲ್ಲ: ಶಾಲಾ ವರ್ಷ 180 ದಿನ, ದಿನಕ್ಕೆ 50 ನಿಮಿಷ, ಒಟ್ಟು 150 ಗಂಟೆ. ಬೇಸಿಗೆಯಲ್ಲಿ ಆರು ವಾರ, 30 ದಿನ, ದಿನಕ್ಕೆ 5 ಗಂಟೆ, ಅದೂ 150. ಆದರೆ ರಾತ್ರಿಗಳನ್ನು ಎಣಿಸಿ. ಒಂದು ಕಡೆ 180 ರಾತ್ರಿ, ಇನ್ನೊಂದು ಕಡೆ 30. ಬೇಸಿಗೆಯ ಒಂದು ದಿನ ಶಾಲೆಯ ಆರು ದಿನಕ್ಕೆ ಸಮ. ಸೋಮವಾರ ಜ್ವರ ಬಂದು ಮಲಗಿದರೆ ಒಂದು ವಾರದ ಪಾಠಕ್ಕಿಂತ ಹೆಚ್ಚು ಹೋಯಿತು. ಸೂತ್ರ, ಅಳತೆ, ಗಾತ್ರ ಇವೆಲ್ಲ ಈ ವೇಗವನ್ನು ತಡೆದುಕೊಳ್ಳುತ್ತವೆ. ಸಾಧನೆ (ಪ್ರೂಫ್) ಬರೆಯುವ ಕೌಶಲ ತಡೆದುಕೊಳ್ಳುವುದಿಲ್ಲ, ಅದಕ್ಕೆ ಬರೆದು, ತಪ್ಪಿ, ಮಲಗಿ, ಮತ್ತೆ ಬರೆಯುವ ದಿನಗಳು ಬೇಕು.

ನಾವು ಎರಡನೆಯದನ್ನು ಆರಿಸಿದೆವು. ಬೆಲೆ ಏನೆಂದರೆ ದಿನದ ಆರು ಪೀರಿಯಡ್‌ನಲ್ಲಿ ಒಂದು ಎಲೆಕ್ಟಿವ್ (ಮಗು ಇಷ್ಟಪಟ್ಟು ಆರಿಸುವ ವಿಷಯ) ಹೋಗುತ್ತದೆ, ಎರಡು ಗಣಿತ ಸೇರಿ ರಾತ್ರಿ ಒಂದೂವರೆ ಗಂಟೆ ಹೋಮ್‌ವರ್ಕ್. ಲಾಭವೂ ಒಂದಿದೆ: ಯುಸಿ ತನ್ನ ಜಿಪಿಎ (ಗ್ರೇಡ್‌ಗಳ ಸರಾಸರಿ) ಲೆಕ್ಕಕ್ಕೆ ಒಂಬತ್ತು ಮುಗಿದ ಬೇಸಿಗೆಯಿಂದ ಹನ್ನೊಂದು ಮುಗಿದ ಬೇಸಿಗೆವರೆಗಿನ ಗ್ರೇಡ್ ಮಾತ್ರ ಹಿಡಿಯುತ್ತದೆ. ಎಲ್ಲಕ್ಕಿಂತ ಭಾರದ ವರ್ಷ ಆ ಲೆಕ್ಕದ ಹೊರಗೆ ಬೀಳುತ್ತದೆ. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಕಾಣುವುದಂತೂ ಕಾಣುತ್ತದೆ.

ಜೊತೆಯಾಗಿ ಓದುವಾಗ ಎಡವುವ ಜಾಗಗಳು ಮೊದಲೇ ಗೊತ್ತಿರಲಿ. ಎರಡೂ ಶಿಕ್ಷಕರ ಪೇಸಿಂಗ್ ಗೈಡ್ (ಯಾವ ಪಾಠ ಯಾವಾಗ ಅನ್ನುವ ಪಟ್ಟಿ) ಕೇಳಿ ತಂದು ಅಕ್ಕಪಕ್ಕ ಇಟ್ಟು ನೋಡಿ. ಆಲ್ಜಿಬ್ರಾ 2ರ ತ್ರಿಕೋನಮಿತಿ ಸಾಮಾನ್ಯವಾಗಿ ವರ್ಷದ ಕೊನೆಗೆ ಬರುತ್ತದೆ, ಜಿಯೋಮೆಟ್ರಿಯ ಲಂಬಕೋನ ತ್ರಿಭುಜ ಅದಕ್ಕೆ ಮೊದಲು ಬಂದಿರಬೇಕು. ಹಿಂದುಮುಂದಾಗಿದ್ದರೆ ಚಳಿಗಾಲದ ರಜೆಯಲ್ಲಿ ಸೈನ್, ಕೊಸೈನ್ ಮನೆಯಲ್ಲೇ ಮುಗಿಸಬೇಕು. ಕರಣಿಗಳದು ಇದರ ಉಲ್ಟಾ: 45-45-90 ತ್ರಿಭುಜದ ಕರ್ಣ 10 ಕೊಟ್ಟು ಬಾಹು ಕೇಳಿದರೆ 10/√2ನ್ನು 5√2 ಮಾಡಲು ಬರಬೇಕು, ಆಲ್ಜಿಬ್ರಾ 2ರಲ್ಲಿ ಆ ಪಾಠ ಆ ಹೊತ್ತಿಗೆ ಬಂದಿರದೇ ಇರಬಹುದು. ಎರಡೂ ಟೆಸ್ಟ್ ಒಂದೇ ದಿನ ಬೀಳುವುದು ತಿಂಗಳಿಗೊಮ್ಮೆ ಗ್ಯಾರಂಟಿ.

ಕಾಗದದ ಕೆಲಸ: ಕೋರ್ಸ್ ಆಯ್ಕೆಯ ಫಾರ್ಮ್ ಜನವರಿಯಿಂದ ಮಾರ್ಚ್ ಒಳಗೆ ಬರುತ್ತದೆ. ಕೌನ್ಸೆಲರ್ ಬಾಯಿಮಾತಿನಲ್ಲಿ ‘ಆಗುತ್ತೆ’ ಅಂದದ್ದು ಆಗಸ್ಟ್‌ನಲ್ಲಿ ನೆನಪಿರುವುದಿಲ್ಲ, ಇಮೇಲ್‌ನಲ್ಲಿ ತೆಗೆದುಕೊಳ್ಳಿ. ಹೊರಗಿನ ಕೋರ್ಸ್ ಆದರೆ ದುಡ್ಡು ಕಟ್ಟುವ ಮೊದಲೇ ಒಪ್ಪಿಗೆ ಬೇಕು. ಒಂಬತ್ತಕ್ಕೆ ಸೇರುವ ಮಗುವನ್ನು ತಪ್ಪು ಜಾಗದಲ್ಲಿ ಕೂರಿಸಿದ್ದಾರೆ ಅನ್ನಿಸಿದರೆ 2015ರ ಕ್ಯಾಲಿಫೋರ್ನಿಯಾ ಮ್ಯಾಥಮ್ಯಾಟಿಕ್ಸ್ ಪ್ಲೇಸ್‌ಮೆಂಟ್ ಆ್ಯಕ್ಟ್ ಇದೆ. ಜಿಲ್ಲೆ ತನ್ನ ನಿಯಮವನ್ನು ವೆಬ್‌ಸೈಟಿನಲ್ಲಿ ಹಾಕಿರಬೇಕು, ಒಂದಕ್ಕಿಂತ ಹೆಚ್ಚು ಮಾನದಂಡ ನೋಡಬೇಕು, ಶಾಲೆ ಶುರುವಾದ ಮೊದಲ ತಿಂಗಳೊಳಗೆ ಮರುಪರಿಶೀಲನೆ ಮಾಡಬೇಕು. ಆ ಕಾಯ್ದೆಯ ಹೆಸರು ಹಾಕಿ ಬರೆದ ಪತ್ರಕ್ಕೆ ಉತ್ತರ ಬೇಗ ಬರುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದಂಥ ಕಡೆ ತೊಡಕು ಇನ್ನೂ ಕೆಳಗಿತ್ತು: 2014ರಲ್ಲಿ ಎಂಟನೇ ತರಗತಿಯ ಆಲ್ಜಿಬ್ರಾವನ್ನೇ ತೆಗೆದರು, ಅದನ್ನು ವಾಪಸ್ ತನ್ನಿ ಎಂದು ಮತದಾರರು ಹೇಳಿದ್ದು 2024ರ ಮಾರ್ಚ್‌ನಲ್ಲಿ.

ಹತ್ತರಲ್ಲಿ ಪ್ರಿಕ್ಯಾಲ್ಕುಲಸ್. 2023ರಿಂದ ಇದಕ್ಕೂ ಎಪಿ ಬಂದಿದೆ. ಅದರಲ್ಲಿ ನಾಲ್ಕು ಯೂನಿಟ್, ಪರೀಕ್ಷೆಗೆ ಮೂರೇ. ಕೇಳದ ನಾಲ್ಕನೆಯದರಲ್ಲಿ ಪ್ಯಾರಾಮೆಟ್ರಿಕ್ ಸಮೀಕರಣ, ವೆಕ್ಟರ್, ಮ್ಯಾಟ್ರಿಕ್ಸ್ ಇವೆ. ಎಷ್ಟೋ ತರಗತಿಗಳು ಅದನ್ನು ಹಾರಿಸುತ್ತವೆ. ಎಪಿ ಕ್ಯಾಲ್ಕುಲಸ್‌ನಲ್ಲಿ ಎಬಿ (AB), ಬಿಸಿ (BC) ಎಂದು ಎರಡು ಕೋರ್ಸ್; ಮುಂದಿನ ವರ್ಷ ಬಿಸಿಗೆ ಹೋಗುವ ಮಗು ಹಾರಿಸಬಾರದು, ಬಿಸಿಯ ಒಂಬತ್ತನೇ ಯೂನಿಟ್ ನಿಲ್ಲುವುದು ಅದರ ಮೇಲೆಯೇ. ಮೇ ಪರೀಕ್ಷೆ ಮುಗಿದ ಮೇಲಿನ ವಾರಗಳು ಇದಕ್ಕೆ ಸಾಕು.

ಎಬಿಯೋ ಬಿಸಿಯೋ ಅನ್ನುವ ಪ್ರಶ್ನೆಗೆ: ಎಬಿಯ ಎಂಟು ಯೂನಿಟ್ ಬಿಸಿಯಲ್ಲೂ ಇವೆ, ಮೇಲೆ ಎರಡು ಹೆಚ್ಚು. ಮೊದಲು ಎಬಿ, ಮರುವರ್ಷ ಬಿಸಿ ಅಂದರೆ ಓದಿದ್ದನ್ನೇ ಓದಿ ಒಂದು ವರ್ಷ ಕಳೆದಂತೆ. ಪ್ರಿಕ್ಯಾಲ್ಕುಲಸ್ ಗಟ್ಟಿಯಾಗಿದ್ದರೆ ನೇರ ಬಿಸಿ. ಕಷ್ಟ ಬರುವುದು ಹತ್ತನೇ ಯೂನಿಟ್, ಅನಂತ ಶ್ರೇಣಿಗಳಲ್ಲಿ. ಇದು ನಮ್ಮ ಪಿಯುಸಿಯಲ್ಲಿ ಇರಲಿಲ್ಲ, ಆದ್ದರಿಂದ ಅಪ್ಪನ ಟ್ಯೂಷನ್ ಅಲ್ಲಿಗೆ ನಿಲ್ಲುತ್ತದೆ. ಪರೀಕ್ಷೆಯ ಸುಮಾರು 17 ಶೇಕಡಾ ಅದೇ. ಮಾರ್ಚ್ ಮೊದಲ ವಾರಕ್ಕೆ ಆ ಯೂನಿಟ್ ಶುರುವಾಗಿರದಿದ್ದರೆ ಮನೆಯಲ್ಲಿ ಶುರುಮಾಡಿ.

ಹನ್ನೆರಡನೇ ವರ್ಷ ಗಣಿತ ಖಾಲಿ ಬಿಡಬೇಡಿ. ಹದಿನೈದು ತಿಂಗಳು ಕೈಬಿಟ್ಟು ಕಾಲೇಜಿಗೆ ಹೋದರೆ ಮುಂದೋಡಿದ ವರ್ಷ ವಾಪಸ್ ಹೋಗುತ್ತದೆ. ಎಪಿ ಸ್ಟ್ಯಾಟಿಸ್ಟಿಕ್ಸ್ ಸುಲಭದ ಆಯ್ಕೆ, ಕಮ್ಯೂನಿಟಿ ಕಾಲೇಜಿನ (ಎರಡು ವರ್ಷದ ಸಾರ್ವಜನಿಕ ಕಾಲೇಜು) ಮಲ್ಟಿವೇರಿಯಬಲ್ ಕ್ಯಾಲ್ಕುಲಸ್ ಅಥವಾ ಲೀನಿಯರ್ ಆಲ್ಜಿಬ್ರಾ ಸರಿಯಾದ ಆಯ್ಕೆ. ಯೂನಿಟ್‌ಗೆ (ಇಲ್ಲಿ ಪಾಠವಲ್ಲ, ಕ್ರೆಡಿಟ್) 46 ಡಾಲರ್ ಶುಲ್ಕ ಹೈಸ್ಕೂಲು ಮಕ್ಕಳಿಗೆ ಸಾಮಾನ್ಯವಾಗಿ ಮಾಫಿ, ಪುಸ್ತಕ ನಿಮ್ಮದು. ಪ್ರಿನ್ಸಿಪಾಲ್ ಮತ್ತು ಪೋಷಕರ ಸಹಿ ಬೇಕು. ಡಿ ಆನ್ಜಾದಂಥ ಕ್ವಾರ್ಟರ್ ಪದ್ಧತಿಯ ಕಾಲೇಜಿನಲ್ಲಿ ಕ್ಯಾಲ್ಕುಲಸ್ ನಾಲ್ಕು ಭಾಗ, ಸೆಮಿಸ್ಟರ್ ಕಾಲೇಜಿನಲ್ಲಿ ಮೂರು. ಬಿಸಿ ಮುಗಿಸಿದವರು ಯಾವ ಭಾಗಕ್ಕೆ ಸೇರಬೇಕು ಎಂದು ಅಲ್ಲಿನ ಕೌನ್ಸೆಲರ್ ಹತ್ತಿರ ಮೊದಲೇ ಕೇಳಿ. ಹೈಸ್ಕೂಲು ಮಕ್ಕಳಿಗೆ ನೋಂದಣಿ ಸರದಿ ಎಲ್ಲರಿಗಿಂತ ಕೊನೆ, ಸಂಜೆಯ ತರಗತಿಗಳು ಅಷ್ಟರಲ್ಲಿ ತುಂಬಿರುತ್ತವೆ. ಎರಡು ಕಾಲೇಜಿನಲ್ಲಿ ಅರ್ಜಿ ಹಾಕಿಡಿ, ವೇಟ್‌ಲಿಸ್ಟ್‌ನಲ್ಲಿದ್ದರೂ ಮೊದಲ ದಿನ ಹೋಗಿ ಕೂರಲಿ. ಅಲ್ಲಿ ಬಂದ ಗ್ರೇಡ್ ಶಾಶ್ವತ, ಆದ್ದರಿಂದ ದಾಖಲೆಯಿಲ್ಲದೆ ಕೋರ್ಸ್ ಬಿಡುವ ಕೊನೆಯ ದಿನಾಂಕವನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ, ಅದಕ್ಕೆ ಮೊದಲು ಒಂದು ಟೆಸ್ಟಿನ ಅಂಕವಾದರೂ ಕೈಗೆ ಬರುವ ತರಗತಿಯನ್ನೇ ಆರಿಸಿ.