ಕಸೂತಿ ಸೀರೆಗೆ ಉಳ್ಳಾಗಡ್ಡಿ ವಾಸನೆ

ಹೋದ ಮಳೆಗಾಲದಲ್ಲಿ ಒಂದು ಇಳಕಲ್ ಸೀರೆಯನ್ನು ಮೂರು ದಿನ ಗಾಳಿಗೆ ಹರವಿ ಕೂತಿದ್ದೆ. ಕಸೂತಿ ಮುಗಿದಿತ್ತು, ಗಿರಾಕಿ ಬರುವುದಿತ್ತು, ಸೀರೆ ಮಾತ್ರ ಉಳ್ಳಾಗಡ್ಡಿ ನಾರುತ್ತಿತ್ತು. ಅದೇ ಕೋಣೆಯಲ್ಲಿ ರಾತ್ರಿಯಿಡೀ ಒಂದೂವರೆ ಕೆಜಿ ಉಳ್ಳಾಗಡ್ಡಿ ಒಣಗಿಸಿದ್ದೆ. ಅತ್ತೆ ಮೂಸಿ ನೋಡಿ, "ಏನವಾ, ಸೀರಿಗೆ ಒಗ್ಗರಣಿ ಹಾಕೀ ಏನ?" ಎಂದರು. ನಗುವೂ ಬಂತು, ಅಳುವೂ ಬಂತು.

ಧಾರವಾಡದಲ್ಲಿ ಬೇಸಿಗೆಗೆ ಮಾಳಿಗೆ ಮೇಲೆ ಸಂಡಿಗೆ, ಚವಳಿಕಾಯಿ ಬಾಳಕ ಒಣಗಿಸುವುದು ಹೊಸದೇನಲ್ಲ. ಆದರೆ ಮಳೆ ಹಿಡಿಯಿತೆಂದರೆ ಬಿಸಿಲು ನೆಚ್ಚುವ ಹಾಗಿಲ್ಲ. ಅದಕ್ಕೇ ಐದು ತಟ್ಟೆಯ ಸಣ್ಣ ಡಿಹೈಡ್ರೇಟರ್, ಅಂದರೆ ತರಕಾರಿ ಒಣಗಿಸುವ ಮಷಿನ್, ತಂದೆ. ಕೆಳಗೆ ಹೀಟರ್ ಮತ್ತು ಫ್ಯಾನ್, ಮೇಲೆ ಜಾಲರಿ ತಟ್ಟೆಗಳು. 350 ವ್ಯಾಟ್, ಹತ್ತು ಗಂಟೆ ಓಡಿದರೂ ಮೂರೂವರೆ ಯೂನಿಟ್ ದಾಟಲ್ಲ. ಹಾಕಿ ಬಿಟ್ಟರೆ ಆಯ್ತು, ನಾನು ಸೂಜಿ ಹಿಡಿದು ಕೂರಬಹುದು ಅಂದುಕೊಂಡಿದ್ದೆ.

ಎಲ್ಲಿಯ ಕೂರುವುದು! ಕೆಳಗಿನ ತಟ್ಟೆ ಬೇಗ ಒಣಗುತ್ತದೆ, ಮೇಲಿನದು ಹಸಿಯಾಗೇ ಇರುತ್ತದೆ. ಆಗಾಗ ಎದ್ದು ತಟ್ಟೆ ಅದಲು ಬದಲು ಮಾಡಬೇಕು. ಕಸೂತಿಯಲ್ಲಿ ನಾವು ಬಟ್ಟೆ ಮೇಲೆ ಗೆರೆ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿ ಹೊಲಿಯುತ್ತೇವೆ. ಗವಂತಿ ಅನ್ನುವ ಹೊಲಿಗೆಯಲ್ಲಂತೂ ಸೂಜಿ ಒಂದು ದಾರಿ ಹೋಗಿ, ಬಿಟ್ಟ ಜಾಗ ತುಂಬುತ್ತಾ ಅದೇ ದಾರಿಯಲ್ಲಿ ವಾಪಸ್ ಬರಬೇಕು. ಗಂಟು ಹಾಕುವ ಹಾಗಿಲ್ಲ. ಎರಡೂ ಕಡೆ ಒಂದೇ ಥರ ಕಾಣಬೇಕು. ಹೋಗುವಾಗ ಒಂದು ಎಳೆ ತಪ್ಪಿದರೆ ಗೊತ್ತಾಗುವುದು ಬರುವಾಗ. ಟೈಮರ್ ಹೊಡೆದಾಗ ಎದ್ದು ಹೋಗಿ, ಬಂದು ಕೂತು ಎಣಿಕೆ ತಪ್ಪಿ, ಹೊಲಿದ ಗೋಪುರದ ಚಿತ್ತಾರ ಅರ್ಧ ಬಿಚ್ಚಿದ್ದೇನೆ. ಒಂದಲ್ಲ, ನಾಲ್ಕು ಸಲ.

ಈಗ ಹೊಲಿಗೆ ನೋಡಿ ತರಕಾರಿ ಆರಿಸುತ್ತೇನೆ. ಗವಂತಿ ಇದ್ದ ದಿನ ಮಷಿನ್ ಬಂದ್. ಮೆಂತಿ ಹೊಲಿಗೆಯಲ್ಲಿ ಬರೀ ಅಡ್ಡಡ್ಡ ದಾಟಿಸಿ ತುಂಬುವುದು, ಮಧ್ಯೆ ಎದ್ದರೂ ನಡೆಯುತ್ತದೆ. ಅವತ್ತು ಮೆಂತೆ ಸೊಪ್ಪನ್ನೇ ಹಾಕುತ್ತೇನೆ. ಸುಮ್ನೆ ತಮಾಷೆಗೆ ಶುರುವಾದದ್ದು ಈಗ ರೂಢಿಯಾಗಿದೆ. 40 ಡಿಗ್ರಿಯಲ್ಲಿ ನಾಲ್ಕೈದು ಗಂಟೆ ಸಾಕು. ಒಣಗಿದ ಎಲೆ ಫ್ಯಾನ್ ಗಾಳಿಗೆ ಹಾರುತ್ತದೆ, ಮೇಲೊಂದು ಜಾಲರಿ ಮುಚ್ಚಬೇಕು.

ಟೊಮ್ಯಾಟೊ ರಾತ್ರಿಯದು. ಸಂಜೆ ಬೆಳಕು ಕಮ್ಮಿಯಾದ ಮೇಲೆ ಕಪ್ಪು ಚಂದ್ರಕಾಳಿ ಸೀರೆಯಲ್ಲಿ ಎಳೆ ಕಾಣಲ್ಲ, ಆಗ ಹೆಚ್ಚುತ್ತೇನೆ. ಊಟ ಆದ ಮೇಲೆ ಮಷಿನ್ ಹಚ್ಚಿ, ಮಲಗುವ ಮುಂಚೆ ಒಮ್ಮೆ ತಟ್ಟೆ ಬದಲಿಸಿ, ಬೆಳಗ್ಗೆ ನೋಡುತ್ತೇನೆ. ಮೊದಲೆಲ್ಲ ಅವಸರಕ್ಕೆ 70 ಡಿಗ್ರಿ ಇಡುತ್ತಿದ್ದೆ. ಹೊರಗೆ ಗರಿಗರಿ, ಒಳಗೆ ಹಸಿ. ಮೇಲಿನ ಪದರ ಬೇಗ ಗಟ್ಟಿಯಾಗಿ ಒಳಗಿನ ನೀರಿಗೆ ದಾರಿಯೇ ಇರಲಿಲ್ಲ. ವಾರದಲ್ಲಿ ಡಬ್ಬಿ ತುಂಬ ಬೂಸ್ಟು. ಈಗ 57 ದಾಟಿಸಲ್ಲ, ಹೋಳನ್ನು ಅರ್ಧ ಸೆಂಟಿಮೀಟರ್‌ಗಿಂತ ದಪ್ಪ ಮಾಡಲ್ಲ. ಪೂರ್ತಿ ತಣ್ಣಗಾದ ಮೇಲೆ ಗಾಜಿನ ಬಾಟಲಿಗೆ ಹಾಕಿ, ಒಂದು ವಾರ ದಿನಾ ಅಲ್ಲಾಡಿಸಿ ನೋಡುತ್ತೇನೆ. ಒಳಗೆ ಹನಿ ಕಂಡರೆ ವಾಪಸ್ ತಟ್ಟೆಗೆ. ಒಂದು ಕೆಜಿ ಒಣಗಿ 60-70 ಗ್ರಾಂ ಆಗುತ್ತದೆ. ಮೊದಲ ಸಲ ನೋಡಿದಾಗ ಮನೆಯಲ್ಲಿ ಯಾರೋ ತಿಂದಿದ್ದಾರೆ ಅಂತಲೇ ಅನ್ನಿಸಿತ್ತು.

ಉಳ್ಳಾಗಡ್ಡಿ, ಬಳ್ಳೊಳ್ಳಿ ಈಗ ಹಿತ್ತಲ ಕಡೆಯ ಕೋಣೆಯಲ್ಲಿ ಮಾತ್ರ, ಅದೂ ಸೀರೆಗಳೆಲ್ಲ ಟ್ರಂಕು ಸೇರಿದ ಮೇಲೆ. ಆ ಗಿರಾಕಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಸೀರೆ ಒಯ್ದರು, ಇನ್ನೂರು ರೂಪಾಯಿ ಕಮ್ಮಿ ಕೊಟ್ಟರು. ನಾನೇ ಆಗಿದ್ದರೆ ಐನೂರು ಮುರಿದುಕೊಳ್ಳುತ್ತಿದ್ದೆ.

ಈ ವಾರ ಸೆರಗಿಗೆ ರಥದ ಚಿತ್ತಾರ ಹಾಕುತ್ತಿದ್ದೇನೆ, ಬರೀ ಗವಂತಿ ಮತ್ತು ಮೆಟ್ಟಿಲಿನ ಹಾಗೆ ಅಂಕುಡೊಂಕಾಗಿ ಹೋಗುವ ಮುರ್ಗಿ ಹೊಲಿಗೆ. ಒಣಗಿಸಬೇಕೆಂದು ತಂದ ಒಂದು ಡಜನ್ ಬಾಳೆಹಣ್ಣು ಅಡುಗೆಮನೆಯಲ್ಲಿ ಚುಕ್ಕೆ ಬಿಡುತ್ತಿವೆ. ನಾಳೆ ಸಂಜೆಯೊಳಗೆ ರಥ ಮುಗಿಯದಿದ್ದರೆ ಎಲ್ಲರಿಗೂ ಶೀಕರಣಿ.